ದೂರದ ಫೈಲಿನ ಬಾಲ

ಸರ್ವರ್ ಒಂದರಲ್ಲಿ 10 ಗಿಗಾಬೈಟ್‌ನ ಲಾಗ್ ಫೈಲ್ ಇದೆ ಎಂದುಕೊಳ್ಳೋಣ. ರಾತ್ರಿ ಎರಡು ಗಂಟೆಗೆ ಸೇವೆ ನಿಂತಿದೆ. ಏಕೆ ನಿಂತಿತು ಎನ್ನುವುದು ಆ ಫೈಲಿನ ಕೊನೆಯ ನೂರು ಸಾಲುಗಳಲ್ಲಿದೆ. ಸಾಲಿಗೆ 200 ಬೈಟ್ ಎಂದರೂ ಬೇಕಾದದ್ದು 20 ಕಿಲೋಬೈಟ್ ಮಾತ್ರ. ಆದರೆ ಸ್ಕ್ರಿಪ್ಟ್ ಬರೆದವರು ಇಡೀ ಫೈಲನ್ನು ಎಳೆದು ತಂದು ಆಮೇಲೆ ಕೊನೆಯನ್ನು ಹುಡುಕುವಂತೆ ಬರೆದಿದ್ದರೆ, ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕದಲ್ಲಿ ಅದಕ್ಕೆ 800 ಸೆಕೆಂಡು ಹಿಡಿಯುತ್ತದೆ. ಹದಿಮೂರು ನಿಮಿಷಕ್ಕೂ ಹೆಚ್ಚು. ಬೇಕಾದದ್ದರ ಐದು ಲಕ್ಷ ಪಟ್ಟು ಮಾಹಿತಿ ತಂತಿಯ ಮೇಲೆ ಹಾದು ಬಂದು, ಬಹುಪಾಲು ಓದದೆಯೇ ಬಿಸಾಡಲ್ಪಡುತ್ತದೆ.

ಫೈಲಿನ ಕೊನೆ ಓದುವುದು ಕಂಪ್ಯೂಟರ್ ಕಲಿಯುವವರ ಮೊದಲ ವಾರದ ಪಾಠ. ಅದೇ ಫೈಲ್ ಇನ್ನೊಂದು ಊರಿನ, ಇನ್ನೊಂದು ಖಂಡದ ಯಂತ್ರದಲ್ಲಿದ್ದಾಗ ಮಾತ್ರ ನಾಲ್ಕು ದಶಕಗಳ ವಾದ ಬಿಚ್ಚಿಕೊಳ್ಳುತ್ತದೆ. ಬಾಲವನ್ನು ಕತ್ತರಿಸಬೇಕಾದದ್ದು ತಂತಿಯ ಯಾವ ತುದಿಯಲ್ಲಿ? ಕತ್ತರಿ ಯಾರ ಕೈಯಲ್ಲಿರಬೇಕು? ಬರೆಯುತ್ತಲೇ ಇರುವ ಫೈಲಿಗೆ ಕೊನೆ ಎಂಬುದು ಇದೆಯೇ?

ಯುನಿಕ್ಸ್ ಕೊಟ್ಟ ಹೆಸರು

ಬಾಲ ಎನ್ನುವ ಹೆಸರು ಯುನಿಕ್ಸ್‌ನದ್ದೇ. ಬೆಲ್ ಲ್ಯಾಬ್ಸ್‌ನ ಪಿಡಬ್ಲ್ಯುಬಿ ಯುನಿಕ್ಸ್‌ನಲ್ಲಿ ಕಾಣಿಸಿಕೊಂಡ ‘ಟೇಲ್’ ಆಜ್ಞೆ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೂ ಇತ್ತು. ಮುಂದೆ ಅದಕ್ಕೆ ‘ಮೈನಸ್ ಎಫ್’ ಸೇರಿತು. ಕೊನೆಯ ಸಾಲುಗಳನ್ನು ತೋರಿಸಿ ಸುಮ್ಮನಾಗದೆ, ಹೊಸ ಸಾಲು ಬಿದ್ದಂತೆಲ್ಲ ತೋರಿಸುತ್ತಾ ಹೋಗುವ ಬಗೆ ಅದು. ಬೆಂಗಳೂರಿನ ಸಪೋರ್ಟ್ ತಂಡಗಳಲ್ಲಿ ‘ಟೇಲ್ ಮೈನಸ್ ಎಫ್ ಹಾಕಿ ನೋಡು’ ಎನ್ನುವುದು ಇವತ್ತಿಗೂ ಬಳಕೆಯ ಮಾತು.

ಟೇಲ್‌ನ ಜಾಣತನ ಅದು ಫೈಲನ್ನು ಓದುವ ದಿಕ್ಕಿನಲ್ಲಿದೆ. ಅದು ನೇರವಾಗಿ ಫೈಲಿನ ತುದಿಗೆ ಹಾರುತ್ತದೆ. ಅಲ್ಲಿಂದ ಹಿಂದಕ್ಕೆ ಒಂದೊಂದು ಬ್ಲಾಕ್ ಓದುತ್ತಾ, ಸಾಲು ಮುರಿಯುವ ಗುರುತುಗಳನ್ನು ಎಣಿಸುತ್ತದೆ. ನೂರು ಸಿಕ್ಕೊಡನೆ ನಿಲ್ಲುತ್ತದೆ. ಫೈಲ್ 10 ಗಿಗಾಬೈಟ್ ಇದ್ದರೂ 10 ಕಿಲೋಬೈಟ್ ಇದ್ದರೂ ಶ್ರಮ ಹೆಚ್ಚುಕಡಿಮೆ ಒಂದೇ. ಆದರೆ ಈ ಹಾರಾಟಕ್ಕೆ ಎದುರಿಗೆ ನಿಜವಾದ ಫೈಲ್ ಇರಬೇಕು. ಪೈಪ್‌ನಿಂದ ಹರಿದು ಬರುವ ಮಾಹಿತಿಯಲ್ಲಿ ತುದಿಗೆ ಹಾರುವ ದಾರಿಯಿಲ್ಲ. ಮೊದಲ ಬೈಟ್‌ನಿಂದ ಎಲ್ಲವನ್ನೂ ಓದಿಕೊಂಡೇ ಬರಬೇಕು. ದೂರದ ಸರ್ವರ್‌ನ ವಿಷಯದಲ್ಲಿ ಮುಂದೆ ಎದ್ದ ತೊಡಕುಗಳಲ್ಲಿ ಅರ್ಧ ಈ ಒಂದು ವ್ಯತ್ಯಾಸದಿಂದಲೇ ಬಂದವು.

ದೂರದ ಯಂತ್ರದಲ್ಲಿ ಆಜ್ಞೆ ನಡೆಸುವ ದಾರಿಯನ್ನು ತೆರೆದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್. 1983ರ 4.2ಬಿಎಸ್‌ಡಿಯಲ್ಲಿದ್ದ ಆರ್‌ಎಸ್‌ಎಚ್ ಅನುಕೂಲವಾಗಿತ್ತು, ಆದರೆ ಮಾಹಿತಿಯನ್ನು ಬಿಚ್ಚಿಟ್ಟೇ ಕಳಿಸುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಪ್ರಕರಣ ನಡೆಯಿತು. ಆಗ ಅಲ್ಲಿದ್ದ ತಾತು ಯಲೋನೆನ್ ಗೂಢಲಿಪಿಯ ಹೊದಿಕೆಯಿರುವ ಎಸ್‌ಎಸ್‌ಎಚ್ ಬರೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದ ಓಪನ್‌ಎಸ್‌ಎಸ್‌ಎಚ್ ಬಂದ ಮೇಲೆ ಅದು ಎಲ್ಲೆಡೆ ಹರಡಿತು.

ಅಲ್ಲೇ ಕತ್ತರಿಸಿ ಎನ್ನುವವರು

ಮೊದಲ ಪಂಥದ ನಿಲುವು ಸರಳ. ಮಾಹಿತಿ ಇರುವಲ್ಲಿಗೆ ಕೆಲಸ ಹೋಗಲಿ. ಸ್ಕ್ರಿಪ್ಟ್ ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಹೋಗಿ ಅಲ್ಲಿನ ಟೇಲ್‌ಗೆ ಕೆಲಸ ಒಪ್ಪಿಸುತ್ತದೆ. ತಂತಿಯ ಮೇಲೆ ಬರುವುದು ಆ 20 ಕಿಲೋಬೈಟ್ ಮಾತ್ರ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ದೂರದ ಫೈಲನ್ನು ‘ಕ್ಯಾಟ್’ ಆಜ್ಞೆಯಿಂದ ಪೂರ್ತಿ ಓದಿಸಿ, ಪೈಪ್ ಹಾಕಿ, ಟೇಲ್‌ಗೆ ಕೊಡುವ ಆಜ್ಞೆಯೂ ಅದೇ ಉತ್ತರ ಕೊಡುತ್ತದೆ. ದೂರದ ಆಜ್ಞೆಯನ್ನು ಸುತ್ತುವ ಉದ್ಧರಣ ಚಿಹ್ನೆ ಪೈಪ್‌ಗಿಂತ ಮೊದಲೇ ಮುಗಿದರೆ ಟೇಲ್ ಓಡುವುದು ಈಚೆ ಕಡೆಯ ಯಂತ್ರದಲ್ಲಿ, ಹಾಗಾಗಿ 10 ಗಿಗಾಬೈಟ್ ಪೂರ್ತಿ ಬರುತ್ತದೆ. ಟೇಲ್ ಹೆಸರನ್ನೂ ಚಿಹ್ನೆಯ ಒಳಗೆ ಸೇರಿಸಿದರೆ ಅದು ಆಚೆ ಕಡೆ ಓಡುತ್ತದೆ. ಒಂದು ಚಿಹ್ನೆ ಎಲ್ಲಿ ಮುಗಿಯಿತು ಎಂಬುದು ಹದಿಮೂರು ನಿಮಿಷದ ವ್ಯತ್ಯಾಸ. ಚಿಕ್ಕ ಫೈಲಿನಲ್ಲಿ ಪರೀಕ್ಷಿಸಿದಾಗ ಎರಡೂ ಒಂದೇ ವೇಗದಲ್ಲಿ ಓಡುವುದರಿಂದ ತಪ್ಪು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯುತ್ತದೆ.

ದೂರ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾದ ಸಂದರ್ಭವೂ ಇದೆ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರ ರೇಖೆಯಲ್ಲೇ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ ಕನಿಷ್ಠ 140 ಮಿಲಿಸೆಕೆಂಡು ಬೇಕು. ಸಮುದ್ರದಡಿಯ ಕೇಬಲ್‌ಗಳು ನೇರ ರೇಖೆಯಲ್ಲಿ ಇಲ್ಲದ್ದರಿಂದ ನಿಜಕ್ಕೂ ಇನ್ನೂ ಹೆಚ್ಚು. ಎಸ್‌ಎಸ್‌ಎಚ್ ಸಂಪರ್ಕ ಕುದುರುವ ಮುನ್ನ ಇಂಥ ಹಲವು ಓಡಾಟಗಳು ನಡೆಯುತ್ತವೆ. ಎರಡೆರಡು ಸೆಕೆಂಡಿಗೆ ಹೊಸ ಸಂಪರ್ಕ ತೆರೆದು ಬಾಲ ನೋಡುವ ಸ್ಕ್ರಿಪ್ಟ್ ತನ್ನ ಸಮಯವನ್ನೆಲ್ಲ ಬಾಗಿಲು ತಟ್ಟುವುದರಲ್ಲೇ ಕಳೆಯುತ್ತದೆ. ತೆರೆದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸುವ ‘ಕಂಟ್ರೋಲ್ ಮಾಸ್ಟರ್’ ಸೌಲಭ್ಯ ಓಪನ್‌ಎಸ್‌ಎಸ್‌ಎಚ್‌ಗೆ ಬಂದದ್ದು ಇಂಥ ತೊಂದರೆಗಾಗಿಯೇ.

ಈ ಪಂಥದ ನಿಜವಾದ ದೌರ್ಬಲ್ಯ ವೇಗದಲ್ಲಿಲ್ಲ, ಅಧಿಕಾರದಲ್ಲಿದೆ. ನೂರು ಸಾಲು ಓದಲು ಬಂದವರ ಕೈಗೆ ಇಡೀ ಮನೆಯ ಕೀಲಿ ಸಿಕ್ಕಂತಾಗುತ್ತದೆ. ವೆಬ್ ಪುಟದಿಂದ ಬಂದ ಫೈಲಿನ ಹೆಸರನ್ನು ಪರೀಕ್ಷಿಸದೆ ಆಜ್ಞೆಯೊಳಗೆ ಸೇರಿಸುವ ಸ್ಕ್ರಿಪ್ಟ್ ಇನ್ನೂ ಅಪಾಯಕಾರಿ: ಹೆಸರಿನ ಜಾಗದಲ್ಲಿ ಒಂದು ಅರ್ಧವಿರಾಮ ಚಿಹ್ನೆ ಮತ್ತು ಇನ್ನೊಂದು ಆಜ್ಞೆಯನ್ನು ಬರೆದು ಕಳಿಸಿದವರು ಸರ್ವರ್‌ನ ಒಡೆಯರಾಗಬಹುದು. ಮದ್ದು ಹಳೆಯದೇ. ಒಂದು ಕೀಲಿಗೆ ಒಂದೇ ಆಜ್ಞೆಯನ್ನು ಕಟ್ಟಿಹಾಕುವ ಅವಕಾಶ ಎಸ್‌ಎಸ್‌ಎಚ್‌ನಲ್ಲಿದೆ. ಆ ಕೀಲಿ ಹಿಡಿದು ಬಂದವರು ಏನೇ ಕೇಳಿದರೂ ಸಿಗುವುದು ಆ ಫೈಲಿನ ಕೊನೆಯ ನೂರು ಸಾಲು ಮಾತ್ರ. ಇಷ್ಟು ಚೊಕ್ಕವಾದ ಉಪಾಯ ಕೈಗೆಟಕುವಂತಿದ್ದೂ ಬಳಕೆಯಾಗುವುದು ಕಡಿಮೆ ಎಂಬುದು ಬೇಸರದ ಸಂಗತಿ.

ತುಣುಕು ಕೇಳುವವರು

ಆಚೆ ಕಡೆ ಆಜ್ಞೆ ನಡೆಸುವ ಅಧಿಕಾರವೇ ಇಲ್ಲದಿದ್ದರೆ? ಫೈಲ್ ವೆಬ್ ಸರ್ವರ್‌ನಲ್ಲೋ ಎಫ್‌ಟಿಪಿಯಲ್ಲೋ ಇದ್ದು, ಓದುವ ಅನುಮತಿ ಮಾತ್ರ ಇದ್ದರೆ? ಎರಡನೇ ಪಂಥದ ಉತ್ತರ: ಫೈಲಿನ ಇಂತಿಷ್ಟು ಭಾಗ ಕೊಡಿ ಎಂದು ಕೇಳಿ.

ಎಚ್‌ಟಿಟಿಪಿ 1.1ರ 1997ರ ನಿಯಮಾವಳಿಯಲ್ಲೇ ‘ರೇಂಜ್’ ಎಂಬ ಶಿರೋನಾಮೆ ಇದೆ. ಮುಖ್ಯವಾಗಿ ಅದು ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸಲು ಬಳಕೆಯಾಯಿತು. ಆದರೆ ಆರಂಭದ ಸ್ಥಾನ ಹೇಳದೆ ಮೈನಸ್ ಹಾಕಿ 500 ಎಂದು ಬರೆದರೆ, ಫೈಲಿನ ಕೊನೆಯ 500 ಬೈಟ್ ಕೊಡಿ ಎಂದರ್ಥ. ಫೈಲ್ ಎಷ್ಟು ದೊಡ್ಡದು ಎಂದು ಮೊದಲೇ ತಿಳಿದಿರಬೇಕಾಗಿಲ್ಲ. ಒಪ್ಪಿದ ಸರ್ವರ್ 206 ಎಂಬ ಸಂಖ್ಯೆಯೊಂದಿಗೆ ತುಣುಕನ್ನು ಕಳಿಸುತ್ತದೆ. ಒಪ್ಪದ ಸರ್ವರ್ ಏನನ್ನೂ ಹೇಳದೆ 200 ಎಂದು ಇಡೀ ಫೈಲನ್ನು ಸುರಿಯುತ್ತದೆ, ಮತ್ತು ನಿಯಮದ ಪ್ರಕಾರ ಅದು ತಪ್ಪಲ್ಲ. ಆ ಸಂಖ್ಯೆಯನ್ನು ಪರೀಕ್ಷಿಸದ ಸ್ಕ್ರಿಪ್ಟ್, ಬಾಲ ಕೇಳಿ ಆನೆಯನ್ನೇ ಮನೆಗೆ ಹೊಡೆಸಿಕೊಂಡಂತೆ.

1985ರ ಎಫ್‌ಟಿಪಿ ನಿಯಮಾವಳಿಯಲ್ಲಿ ನಡುವಿನಿಂದ ಮತ್ತೆ ಆರಂಭಿಸುವ ‘ರೆಸ್ಟ್’ ಆಜ್ಞೆ ಇತ್ತು, ಫೈಲಿನ ಗಾತ್ರ ಕೇಳುವ ಆಜ್ಞೆ ಇರಲಿಲ್ಲ. ಅದು ಅಧಿಕೃತವಾದದ್ದು 2007ರಲ್ಲಿ. ಎಸ್‌ಎಫ್‌ಟಿಪಿ ಇವೆರಡಕ್ಕಿಂತ ಹದವಾದದ್ದು. ಅದರ ಪ್ರತಿ ಓದುವ ಬೇಡಿಕೆಯಲ್ಲೂ ಎಲ್ಲಿಂದ, ಎಷ್ಟು ಎಂಬ ಎರಡು ಅಂಕಿಗಳಿರುತ್ತವೆ. ಪೈಥಾನ್‌ನ ಪ್ಯಾರಾಮಿಕೊ ಬಳಸುವವರು ದೂರದ ಫೈಲಿನ ತುದಿಗೆ ಸ್ಥಳೀಯ ಫೈಲಿನಷ್ಟೇ ಸಲೀಸಾಗಿ ಹಾರುವುದು ಇದರಿಂದಲೇ.

ತುಣುಕು ಕೇಳುವ ಸೌಲಭ್ಯವೂ ಅಸ್ತ್ರವಾಯಿತು. 2011ರ ಆಗಸ್ಟ್‌ನಲ್ಲಿ ‘ಅಪಾಚೆ ಕಿಲ್ಲರ್’ ಎಂಬ ಚಿಕ್ಕ ಸ್ಕ್ರಿಪ್ಟ್ ಹೊರಬಿತ್ತು. ಒಂದೇ ಬೇಡಿಕೆಯಲ್ಲಿ ಒಂದರ ಮೇಲೊಂದು ಬೀಳುವ ನೂರಾರು ತುಣುಕುಗಳನ್ನು ಕೇಳಿ, ಅಪಾಚೆ ಸರ್ವರ್‌ನ ಮೆಮೊರಿ ಬರಿದಾಗುವಂತೆ ಅದು ಮಾಡುತ್ತಿತ್ತು. ಅಪಾಚೆ ತಂಡ ಅವಸರದಲ್ಲಿ ತಿದ್ದುಪಡಿ ತರಬೇಕಾಯಿತು.

ಕೊನೆಯನ್ನು ಮೊದಲು ಓದಿಸುವ ಫೈಲುಗಳು

ಲಾಗ್ ಫೈಲಿನಲ್ಲಿ ಕೊನೆಗೆ ಬೆಲೆ ಬರುವುದು ಹೊಸ ಸುದ್ದಿ ಅಲ್ಲಿರುವುದರಿಂದ. ಇನ್ನು ಕೆಲವು ಫೈಲುಗಳಲ್ಲಿ ಪರಿವಿಡಿಯೇ ಕೊನೆಯ ಪುಟದಲ್ಲಿರುತ್ತದೆ. ಫಿಲ್ ಕಾಟ್ಜ್ 1989ರಲ್ಲಿ ತಂದ ಜಿಪ್ ಹಾಗೆ ಕಟ್ಟಿದ್ದು. ಅದರ ಕೊನೆಯ ದಾಖಲೆ ಕನಿಷ್ಠ 22 ಬೈಟ್. ಹಿಂದೆ ಟಿಪ್ಪಣಿ ಇದ್ದರೆ ಅದು 65,535 ಬೈಟ್‌ವರೆಗೆ ಬೆಳೆಯಬಹುದು. ಹೀಗಾಗಿ ಸಾಮಾನ್ಯ ಜಿಪ್ ಫೈಲಿನ ಕೊನೆಯ 65,557 ಬೈಟ್ ತರಿಸಿಕೊಂಡರೆ ಪರಿವಿಡಿ ಎಲ್ಲಿದೆ ಎಂಬ ಸುಳಿವು ಅದರಲ್ಲಿ ಸಿಕ್ಕೇ ಸಿಗುತ್ತದೆ. ಆಮೇಲೆ ಬೇಕಾದ ಒಂದು ಕಡತವನ್ನಷ್ಟೇ ಎಳೆದುಕೊಂಡರಾಯಿತು. ಪಿಡಿಎಫ್‌ನದ್ದೂ ಇದೇ ರೀತಿ. ದೊಡ್ಡ ದತ್ತಾಂಶಗಳಿಗೆ ಬಳಸುವ ಪಾರ್ಕೆ ಫೈಲಿನ ಕೊನೆಯ ಎಂಟು ಬೈಟ್‌ಗಳಲ್ಲಿ ಮೊದಲ ನಾಲ್ಕು ಅಡಿಟಿಪ್ಪಣಿಯ ಉದ್ದವನ್ನೂ ಉಳಿದ ನಾಲ್ಕು ಫೈಲಿನ ಜಾತಿಯನ್ನೂ ಹೇಳುತ್ತವೆ.

ಗ್ಜಿಪ್ ಮಾತ್ರ ಈ ಸಾಲಿಗೆ ಸೇರದು. ಹಳೆಯ ಲಾಗ್‌ಗಳನ್ನು ಬಹುಪಾಲು ಅದರಲ್ಲೇ ಒತ್ತಿಡುತ್ತಾರೆ. ಅದರ ಕೊನೆಯ ನಾಲ್ಕು ಬೈಟ್ ಮೂಲ ಗಾತ್ರದ ಸುಳಿವು ಕೊಡುತ್ತವೆ, ಆದರೆ ಕೊನೆಯ ಸಾಲು ಬೇಕೆಂದರೆ ಮೊದಲಿನಿಂದ ಬಿಚ್ಚುತ್ತಲೇ ಬರಬೇಕು. ಜಾಗ ಉಳಿಸಿದ ಸಾಲವನ್ನು ಓದುವಾಗ ತೀರಿಸಬೇಕಾಗುತ್ತದೆ.

ಗುರುತು ಇಟ್ಟುಕೊಳ್ಳುವವರು

ಐದು ನಿಮಿಷಕ್ಕೊಮ್ಮೆ ಓಡುವ ಸ್ಕ್ರಿಪ್ಟ್ ಪ್ರತಿಸಲವೂ ಕೊನೆಯ ನೂರು ಸಾಲು ಓದುತ್ತದೆ. ನಡುವೆ ಮುನ್ನೂರು ಸಾಲು ಬಿದ್ದಿದ್ದರೆ ಇನ್ನೂರು ಕಾಣದೇ ಹೋದವು. ಹತ್ತು ಸಾಲು ಬಿದ್ದಿದ್ದರೆ ತೊಂಬತ್ತನ್ನು ಎರಡನೇ ಸಲ ಓದಿದಂತಾಯಿತು. ಮೂರನೇ ಪಂಥ ಹೇಳುವುದೇನೆಂದರೆ, ಎಷ್ಟು ಸಾಲು ಎಂದು ಕೇಳುವುದೇ ತಪ್ಪು, ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದೆವು ಎಂಬುದೇ ಮುಖ್ಯ. ಲಾಗ್‌ಚೆಕ್ ಜೊತೆಗೆ ಬರುವ ‘ಲಾಗ್‌ಟೇಲ್’ ಎಂಬ ಪುಟ್ಟ ಪ್ರೋಗ್ರಾಮ್ ಓದಿ ಮುಗಿಸಿದ ಬೈಟ್‌ನ ಸ್ಥಾನವನ್ನೂ ಫೈಲಿನ, ಹೆಸರು ಬದಲಾದರೂ ಬದಲಾಗದ, ಐನೋಡ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಇಂದಿನ ಫೈಲ್‌ಬೀಟ್ ಮಾಡುವುದೂ ಅದನ್ನೇ.

ಐನೋಡ್ ಏಕೆ ಬೇಕು? ಲಾಗ್ ಫೈಲುಗಳು ಒಂದೇ ಹೆಸರಿನಲ್ಲಿ ಬಾಳುವುದಿಲ್ಲ. ರಾತ್ರಿ ‘ಲಾಗ್‌ರೊಟೇಟ್’ ಬಂದು ಹಳೆಯ ಫೈಲಿಗೆ ಬೇರೆ ಹೆಸರಿಟ್ಟು, ಅದೇ ಹೆಸರಿನಲ್ಲಿ ಹೊಸದನ್ನು ತೆರೆಯುತ್ತದೆ. ‘ಟೇಲ್ ಮೈನಸ್ ಎಫ್’ ಹಾಕಿ ಕೂತವರು ಹೆಸರು ಬದಲಾದ ಹಳೆಯ ಫೈಲನ್ನೇ ನೋಡುತ್ತಿರುತ್ತಾರೆ. ಪರದೆ ಶಾಂತವಾಗಿದೆ, ಎಲ್ಲವೂ ಸರಿಯಾಗಿದೆ ಎಂದುಕೊಳ್ಳುತ್ತಾರೆ. ಪಕ್ಕದ ಹೊಸ ಫೈಲಿನಲ್ಲಿ ದೋಷಗಳು ಸುರಿಯುತ್ತಿರುತ್ತವೆ. ಹೆಸರನ್ನು ಹಿಂಬಾಲಿಸುವ ದೊಡ್ಡ ಎಫ್ ಆಯ್ಕೆ ಬಂದದ್ದು ಇದಕ್ಕಾಗಿ. ಫೈಲನ್ನು ನಕಲು ಮಾಡಿ ಮೂಲವನ್ನು ಬರಿದು ಮಾಡುವ ಇನ್ನೊಂದು ಕ್ರಮದಲ್ಲಿ ನಕಲಿಗೂ ಬರಿದಾಗುವುದಕ್ಕೂ ನಡುವಿನ ಕ್ಷಣದಲ್ಲಿ ಬಿದ್ದ ಸಾಲುಗಳು ಕಳೆದುಹೋಗಬಹುದು. ಲಾಗ್‌ರೊಟೇಟ್‌ನ ಕೈಪಿಡಿಯೇ ಇದನ್ನು ಒಪ್ಪಿಕೊಂಡಿದೆ.

ಕತ್ತರಿ ಬಿದ್ದ ಅಕ್ಷರ

ಕನ್ನಡ ಬರೆಯುವವರಿಗೆ ಈ ಚರ್ಚೆ ಹೊರಗಿನದ್ದಲ್ಲ ಎನ್ನುವುದು ತಿಳಿಯುವುದು ಇಲ್ಲಿ.

ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ಯಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳಿವೆ, ಒಟ್ಟು 18 ಬೈಟ್. ಬರೀ ಕನ್ನಡವಿರುವ ಪಠ್ಯದ ಕೊನೆಯ 500 ಬೈಟ್ ಕೇಳಿದರೆ 166 ಪೂರ್ಣ ಸಂಕೇತಗಳ ಜೊತೆ ಎರಡು ಅನಾಥ ಬೈಟ್‌ಗಳು ಬರುತ್ತವೆ. ಅವು ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರಗಳಾಗಿ ಕಾಣುತ್ತವೆ. ಸಂಕೇತದ ಗಡಿಯಲ್ಲೇ ಕತ್ತರಿ ಬಿದ್ದರೂ ಪಠ್ಯ ಒತ್ತಕ್ಷರದಿಂದಲೋ ಗುಣಿತದ ಚಿಹ್ನೆಯಿಂದಲೋ ಶುರುವಾಗಿ, ಆಸರೆಯಿಲ್ಲದ ಈಕಾರ ಚುಕ್ಕಿಗಳ ವೃತ್ತವೊಂದಕ್ಕೆ ಜೋತುಬೀಳುತ್ತದೆ.

ಸಾಲುಗಳ ಲೆಕ್ಕದಲ್ಲಿ ಕೇಳಿದರೆ ಈ ಕಷ್ಟವಿಲ್ಲ. ಅದರ ಹಿಂದೆ ಒಳ್ಳೆಯ ವಿನ್ಯಾಸವಿದೆ. 1992ರ ಸೆಪ್ಟೆಂಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ತಟ್ಟೆಯಡಿಯ ಹಾಳೆಯ ಮೇಲೆ ಯುಟಿಎಫ್-8ರ ನಕ್ಷೆ ರೂಪುಗೊಂಡಿತು. ಸಾಲು ಮುರಿಯುವ ಬೈಟ್ ಬೇರಾವ ಅಕ್ಷರದ ಒಳಗೂ ಬರದಂತೆ, ನಡುವಿನ ಬೈಟ್‌ಗಳನ್ನು ನೋಡಿದೊಡನೆ ಗುರುತಿಸುವಂತೆ ಅವರು ಅದನ್ನು ಕಟ್ಟಿದರು. ಕತ್ತರಿ ಎಲ್ಲಿಯೇ ಬಿದ್ದರೂ ಹೆಚ್ಚೆಂದರೆ ಮೂರು ಬೈಟ್ ದಾಟಿದರೆ ಮುಂದಿನ ಸಂಕೇತದ ಆರಂಭ ಸಿಗುತ್ತದೆ. ವಿಂಡೋಸ್‌ನ ಕೆಲವು ಪ್ರೋಗ್ರಾಮ್‌ಗಳು ಬಳಸುವ ಯುಟಿಎಫ್-16ರಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿ ಗುರುಮುಖಿ ಮತ್ತು ಗುಜರಾತಿಯ ಪ್ರತಿ ಅಕ್ಷರದ ಮೇಲಿನ ಬೈಟ್‌ನ ಬೆಲೆ 10, ಸಾಲು ಮುರಿಯುವ ಗುರುತಿನದ್ದೇ ಬೆಲೆ. ಬೈಟ್ ಎಣಿಸುವ ಟೇಲ್‌ಗೆ ಆ ಪಠ್ಯದಲ್ಲಿ ಅಕ್ಷರಕ್ಕೊಂದು ಸಾಲು ಕಾಣುತ್ತದೆ. ಕನ್ನಡದ ಬೈಟ್‌ನ ಬೆಲೆ 12. ಎರಡು ಅಂಕಿಯ ಅಂತರದಲ್ಲಿ ತಪ್ಪಿಸಿಕೊಂಡಿತು.

ಫೈಲೇ ಬೇಡ ಎನ್ನುವವರು

ನಾಲ್ಕನೇ ಪಂಥ ಪ್ರಶ್ನೆಯ ಬುಡಕ್ಕೇ ಕೈಹಾಕುತ್ತದೆ. ದೂರದ ಫೈಲನ್ನು ಹೋಗಿ ಓದುವುದೇಕೆ, ಸುದ್ದಿ ತಾನೇ ಬರಲಿ. ಬೀಜ ಹಳೆಯದು: 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್‌ಗಾಗಿ ಬರೆದ ಸಿಸ್‌ಲಾಗ್ ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ಸಂದೇಶ ಕಳಿಸಬಲ್ಲದಾಗಿತ್ತು. 2011ರ ಸುಮಾರಿಗೆ ಇದು ಸಿದ್ಧಾಂತದ ರೂಪ ಪಡೆಯಿತು. ಹೆರೊಕುವಿನಲ್ಲಿದ್ದ ಆಡಮ್ ವಿಗಿನ್ಸ್ ‘ಟ್ವೆಲ್ವ್ ಫ್ಯಾಕ್ಟರ್ ಆಪ್’ ಬರಹದಲ್ಲಿ, ಲಾಗ್ ಎಂಬುದು ಫೈಲಲ್ಲ, ಘಟನೆಗಳ ಹರಿವು ಎಂಬ ವಾದ ಮಂಡಿಸಿದರು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿದ ಕಾಫ್ಕಾ ಅದೇ ವರ್ಷ ಮುಕ್ತ ತಂತ್ರಾಂಶವಾಯಿತು. ಲಾಗ್‌ಸ್ಟ್ಯಾಶ್, ಎಲಾಸ್ಟಿಕ್‌ಸರ್ಚ್, ಫ್ಲುಯೆಂಟ್‌ಡಿ, 2018ರಲ್ಲಿ ಗ್ರಾಫಾನಾದ ಲೋಕಿ ಇವೆಲ್ಲ ಆ ದಾರಿಯವೇ.

ಕಂಟೇನರ್‌ಗಳ ಕಾಲದಲ್ಲಿ ಈ ಪಂಥಕ್ಕೆ ಬಲ ಬಂದದ್ದು ಸಹಜ. ಹತ್ತು ನಿಮಿಷ ಬದುಕಿ ಅಳಿಯುವ ಕಂಟೇನರ್‌ನ ಫೈಲನ್ನು ಹನ್ನೊಂದನೇ ನಿಮಿಷಕ್ಕೆ ಓದಲು ಹೋದರೆ ಫೈಲೂ ಇಲ್ಲ, ಮನೆಯೂ ಇಲ್ಲ. ನೂರು ಯಂತ್ರಗಳಿದ್ದಾಗ ನೂರು ಎಸ್‌ಎಸ್‌ಎಚ್ ಕಿಟಕಿ ತೆರೆಯುವುದು ಕೆಲಸವಲ್ಲ. ಆದರೆ ಹರಿವಿನ ಕಾಲುವೆ ಕಟ್ಟಿ ಕಾಯುವುದು ದುಬಾರಿ. ಜಾಲವೇ ಕೆಟ್ಟಾಗ, ಅಂದರೆ ಲಾಗ್ ಅತಿ ಅಗತ್ಯವಾದ ಹೊತ್ತಿನಲ್ಲಿ, ಕಾಲುವೆಯೂ ಒಣಗುತ್ತದೆ. ಆಗ ಅನುಭವಿಗಳು ಮತ್ತೆ ಆ ಯಂತ್ರಕ್ಕೇ ಹೋಗಿ ಟೇಲ್ ಹಾಕುತ್ತಾರೆ. ಎರಡು ಮೂರು ಸರ್ವರ್‌ಗಳ ಸಂಸ್ಥೆಗೆ ಕಾಲುವೆ ಬೇಕಿಲ್ಲ, ಕಟ್ಟಿಹಾಕಿದ ಕೀಲಿಯೂ ಗುರುತಿಟ್ಟುಕೊಳ್ಳುವ ಸ್ಕ್ರಿಪ್ಟೂ ಸಾಕು ಎಂಬುದು ಈ ಲೇಖನದ ನಿಲುವು.

ಇನ್ನೂ ತೀರದವು

ಫೈಲಿನ ಕೊನೆ ಘಟನೆಯ ಕೊನೆಯೇ? ಬಹಳ ಪ್ರೋಗ್ರಾಮ್‌ಗಳು ಒಂದೊಂದೇ ಸಾಲನ್ನು ಬರೆಯುವುದಿಲ್ಲ. ಸಾಮಾನ್ಯವಾಗಿ 4,096 ಬೈಟ್ ತುಂಬಿದ ಮೇಲೆ ಒಮ್ಮೆಲೇ ಹೊರಹಾಕುತ್ತವೆ. ಪ್ರೋಗ್ರಾಮ್ ಹಠಾತ್ತನೆ ಸತ್ತರೆ ಕೊನೆಯ ಸಾಲುಗಳು ಅದರೊಂದಿಗೇ ಹೋಗುತ್ತವೆ. ಪ್ರತಿ ಸಾಲನ್ನೂ ಕೂಡಲೇ ಡಿಸ್ಕ್‌ಗೆ ಬರೆಸಿದರೆ ವೇಗ ಕುಸಿಯುತ್ತದೆ. ಇವೆರಡರ ನಡುವೆ ಎಲ್ಲರೂ ಒಪ್ಪುವ ಗೆರೆ ಎಳೆಯಲು ಈವರೆಗೆ ಆಗಿಲ್ಲ.

ಹಲವು ಯಂತ್ರಗಳ ಬಾಲಗಳನ್ನು ಒಂದಾಗಿ ಹೆಣೆದಾಗ ಯಾವ ಸಾಲು ಮೊದಲು ಎಂಬುದು ಇನ್ನೊಂದು ಗಂಟು. ಬೇರೆ ಬೇರೆ ಗಡಿಯಾರಗಳನ್ನು ನಂಬಿ ಕ್ರಮ ಹೇಳಲಾಗದು ಎಂದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದ್ದರು. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು ಎಂದಿತು. ಹೊಂದಿಸಿದ ಗಡಿಯಾರಗಳಲ್ಲೂ ಮಿಲಿಸೆಕೆಂಡುಗಳ ಅಂತರ ಉಳಿಯುತ್ತದೆ, ಮತ್ತು ಅಷ್ಟರಲ್ಲೇ ಹತ್ತಾರು ಸಾಲುಗಳು ಬಿದ್ದಿರುತ್ತವೆ.

ಕಾಪಿಟ್ಟದ್ದನ್ನು ಯಾರು ಓದಬಹುದು? 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವಂತೆ ಸೂಚಿಸಿತು. ಒಳಗಿನ ಲಾಗ್ ಒಂದರಲ್ಲಿ ಅವು ಬಿಚ್ಚಿಟ್ಟ ರೂಪದಲ್ಲೇ ಬಿದ್ದಿದ್ದವು. ದೋಷ ಹುಡುಕಲು ಬಂದವರ ಪರದೆಯ ಮೇಲೆ ಗ್ರಾಹಕರ ಹೆಸರು, ಫೋನ್ ನಂಬರ್ ಹಾದುಹೋಗುವುದು ಅಪರೂಪವಲ್ಲ. ಲಾಗ್ ಇಡಲೇಬೇಕು ಎನ್ನುವ ನಿರ್ದೇಶನವೂ, ಖಾಸಗಿ ಮಾಹಿತಿಯನ್ನು ಬೇಕಾದಷ್ಟೇ ಇಡಿ ಎನ್ನುವ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಒಂದೇ ಫೈಲಿನ ಮೇಲೆ ಬಂದು ನಿಂತಿವೆ.

ಇನ್ನು ಅಕ್ಷರದ ಪ್ರಶ್ನೆ. ಪಠ್ಯವನ್ನು ಎಲ್ಲಿ ತುಂಡರಿಸಬಾರದು ಎಂಬ ಯೂನಿಕೋಡ್ ನಿಯಮಗಳಿಗೆ 2023ರ 15.1ನೇ ಆವೃತ್ತಿಯಲ್ಲಿ ಹೊಸದೊಂದು ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಂದೇ ಘಟಕವಾಗಿ ಎಣಿಸಬೇಕು ಎನ್ನುವುದು ಆ ನಿಯಮ. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಆವೃತ್ತಿಯನ್ನು ಪಾಲಿಸುವ ಸ್ಕ್ರಿಪ್ಟ್ ದೂರದ ಫೈಲಿನ ಕೊನೆಯ ಅಕ್ಷರಗಳನ್ನು ಎಣಿಸಿದರೆ ತೆಲುಗಿನ ‘ಸ್ತ್ರೀ’ ಒಂದು ಅಕ್ಷರ, ಕನ್ನಡದ ‘ಸ್ತ್ರೀ’ ಮೂರು.